ಮೊಹಿದ್ದೀನರ ಮಂಡಿಪುಡಿ

ತರೀಕೆರೆ ಬಸ್‌ಸ್ಟ್ಯಾಂಡಿನ ಸಾರ್ವಭೌಮ ಬಸ್ ಏಜೆಂಟ್ ಗುಲಾಮ್ ಮೊಹಿದ್ದೀನ್. ಕಿರೀಟದ ಬದಲು ಟೋಪಿ, ಸೈನ್ಯದ ಬದಲು ನಾಲ್ಕಾರು ಖಾಸಗಿ ಬಸ್ಸು. ಅವರು "ಅಜ್ಜಂಪುರಾ" ಎಂದು ಕೂಗಿದರೆ ಕಡೂರಿಗೆ ಹೊರಟವರೂ ಅನುಮಾನಿಸಿ ನಿಲ್ಲುತ್ತಿದ್ದರು. ಇಂಥ ವೀರರನ್ನು ಕೆಡವಿದ್ದು ಅವರದೇ ಮಂಡಿಗಳ ನೋವು.

ಆಗ ಒದಗಿದ್ದು ಚೌಳಹಿರಿಯೂರು ಕಡೆಯ ನಾಟಿವೈದ್ಯ ಬೆನಕಪ್ಪನ ಬೇರಿನ ಪುಡಿ. ದಿನಕ್ಕೊಂದು ಪೊಟ್ಟಣ. ವಾರದೊಳಗೆ ಸಾಹೇಬರು ಹೊರಟ ಬಸ್ಸಿನ ಮೆಟ್ಟಿಲಿಗೆ ನೆಗೆಯತೊಡಗಿದರು. ವರ್ಷ ತಿರುಗುವುದರಲ್ಲಿ ಮುಖ ಊದಿ ಹುಣ್ಣಿಮೆಯಾಯಿತು. ಟೀ ಅಂಗಡಿಯ ರಂಗಪ್ಪ ಅದನ್ನು ರಾಜಕಳೆ ಎಂದ, ಸಾಹೇಬರ ಹೆಂಡತಿ ನಸ್ರೀನ್ ದೇವರ ಬರ್ಕತ್ತು ಎಂದಳು. ಹಮಾಲರು, ಕಂಡಕ್ಟರುಗಳೂ ಪುಡಿಗೆ ಮುಗಿಬಿದ್ದರು.

ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುವ ಮಗಳು ತರನ್ನುಮ್ ಮಾತ್ರ ಆ ಮುಖ ನೋಡಿ ಬೆಚ್ಚಿದಳು. ಇದು ಸ್ಟೀರಾಯ್ಡಿನ ಊತವಿರಬಹುದೆಂಬ ಅನುಮಾನದಿಂದ ಒಂದು ಪೊಟ್ಟಣ ಒಯ್ದಳು. ಅವಳ ಬಳಿ ಮಸಿಯಂಥ ಕಣಗಳಿದ್ದವು: ಒಳಗೆ ಕಬ್ಬಿಣದ ಅಂಶ, ಮೇಲೆ ಪಾಲಿಮರ್ ಹೊದಿಕೆ. ಹೊದಿಕೆಯನ್ನು ಸ್ಟೀರಾಯ್ಡಿನ ಸುತ್ತ ಗಟ್ಟಿಯಾಗಿಸಿ, ಆಮೇಲೆ ಸ್ಟೀರಾಯ್ಡನ್ನು ತೊಳೆದು ತೆಗೆದಿದ್ದಳು. ಉಳಿದದ್ದು ಅದರದೇ ಆಕಾರದ ಗುಳಿ. ಸವೆದ ಚಪ್ಪಲಿಯಲ್ಲಿ ಯಜಮಾನನ ಪಾದವೇ ಸರಿಯಾಗಿ ಕೂರುವಂತೆ ಆ ಗುಳಿಯಲ್ಲಿ ಆ ಮದ್ದೇ ಕೂರಬೇಕು. ಪುಡಿ ಕರಗಿಸಿದ ದ್ರವಕ್ಕೆ ಕಣಗಳನ್ನು ಬೆರೆಸಿ, ಸೀಸೆಯ ಹೊರಗೆ ಅಯಸ್ಕಾಂತ ಹಿಡಿದಳು. ಕಪ್ಪು ಕಣಗಳೆಲ್ಲ ಪುಡಿಯಲ್ಲಿ ಅಡಗಿದ್ದ ಕಳ್ಳನನ್ನು ಹೊತ್ತುಕೊಂಡು ಗಾಜಿಗೆ ಅಂಟಿದವು. ಕಳ್ಳನನ್ನು ಬಿಡಿಸಿ ಅಳೆದಾಗ ಪ್ರಮಾಣ ಅವಳ ಅನುಮಾನಕ್ಕಿಂತ ಬಹಳ ಹೆಚ್ಚಿತ್ತು.

ಪುಡಿಯಲ್ಲಿ ಸ್ಟೀರಾಯ್ಡ್ ಇದೆ ಎಂದು ಅಪ್ಪನಿಗೆ ಫೋನಿನಲ್ಲಿ ಹೇಳಿದಳು. ಮುಂದಿನ ಮಾತು ಕೇಳುವ ವ್ಯವಧಾನ ವೀರರಿಗೆ ಇರುವುದಿಲ್ಲ. ಸಾಹೇಬರು ಫೋನು ಕತ್ತರಿಸಿ, ಬಸ್‌ಸ್ಟ್ಯಾಂಡಿನ ಸಿಮೆಂಟ್ ಕಟ್ಟೆ ಹತ್ತಿ, ಬೆನಕಪ್ಪನ ಮೇಲೆ ಯುದ್ಧ ಸಾರಿ, ಉಳಿದ ಪೊಟ್ಟಣಗಳನ್ನೆಲ್ಲ ಚರಂಡಿಗೆ ಎಸೆದರು. ಚಪ್ಪಾಳೆ ಬಿತ್ತು. ಮಗಳು ಮತ್ತೆ ಮತ್ತೆ ಕರೆ ಮಾಡಿದಳು. ವಿಜಯೋತ್ಸವದ ಗದ್ದಲದಲ್ಲಿ ಸಾಹೇಬರು ಎತ್ತಲಿಲ್ಲ.

ಎರಡು ದಿನ ಕಳೆದ ಮೇಲೆ ಬಸ್ಸಿನ ಪಕ್ಕದಲ್ಲೇ ಕುಸಿದರು. ವಾಂತಿ, ತಣ್ಣನೆಯ ಬೆವರು, ಕಣ್ಣಿಗೆ ಕತ್ತಲೆ. ರಂಗಪ್ಪ ಆಟೋದಲ್ಲಿ ಆಸ್ಪತ್ರೆಗೆ ಸಾಗಿಸಿ, ತರನ್ನುಮ್‌ಗೆ ಫೋನ್ ಹಚ್ಚಿ ಡಾಕ್ಟರ ಕೈಗೆ ಕೊಟ್ಟ. ದಿನಕ್ಕೆ ಎಷ್ಟು ಮದ್ದು ಹೊಟ್ಟೆಗೆ ಹೋಗುತ್ತಿತ್ತೆಂದು ಅವಳು ತಿಳಿಸಿದಳು. ಡಾಕ್ಟರು ಸೂಜಿ ಚುಚ್ಚುತ್ತಲೇ ಬೈದರು: ವರ್ಷವಿಡೀ ಸ್ಟೀರಾಯ್ಡ್ ಹೊರಗಿನಿಂದ ಬಂದದ್ದರಿಂದ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನೇ ಮರೆತಿದೆ, ಸ್ವಲ್ಪ ಸ್ವಲ್ಪವೇ ಇಳಿಸಿ ಬಿಡಬೇಕು, ಥಟ್ಟನೆ ಬಿಟ್ಟರೆ ಪ್ರಾಣಕ್ಕೇ ಕುತ್ತು ಬರುತ್ತದೆ.

"ಅದನ್ನ ಹೇಳೋಕೇ ಅಷ್ಟೊಂದು ಸಲ ಫೋನ್ ಮಾಡಿದ್ದು ಸರ್," ಎಂದಳು ಫೋನಿನಲ್ಲಿದ್ದ ತರನ್ನುಮ್.

ಡಾಕ್ಟರು ರಂಗಪ್ಪನ ಕಡೆ ತಿರುಗಿ, ಬೇರೆ ಯಾರಾದರೂ ಪುಡಿಯನ್ನು ಹೀಗೆ ನಿಲ್ಲಿಸಿದ್ದಾರೆಯೇ ಎಂದು ಕೇಳಿದರು.

"ಇವ್ರ ಭಾಷ್ಣ ಕೇಳಿ ಅರ್ಧ ಬಸ್‌ಸ್ಟ್ಯಾಂಡೇ ಬಿಸಾಕ್ತು ಕಣ್ರೀ ಸಾರ್."

ಮಂಚದ ಮೇಲಿದ್ದ ಮೊಹಿದ್ದೀನರಿಗೆ ಅದು ಸ್ಪಷ್ಟವಾಗಿ ಕೇಳಿಸಿತು. ಹಿಂದೆಯೇ, ಹೊರಗೆ ಇನ್ನೊಂದು ಆಟೋ ಬಂದು ನಿಂತ ಸದ್ದು.