ಬಹುವಚನದ ಗಿರಾಕಿ

ಡಿಗ್ರಿ ಮುಗಿಸಿ, ಕೆಂಚಾರ್ಲಹಳ್ಳಿಯ ಮನೆಯಲ್ಲಿ ರೇಷ್ಮೆಹುಳುಗಳ ಜೊತೆ ಪೈಪೋಟಿಗೆ ಬಿದ್ದು ತಿನ್ನುತ್ತಿದ್ದ ಕಾಲ. ಎರಡು ಸಾವಿರದ ಆರೋ ಏಳೋ ಇರಬೇಕು. ನಾನು ಗಂಡೂ ಅಲ್ಲ, ಹೆಣ್ಣೂ ಅಲ್ಲ ಎಂಬುದು ಚಿಕ್ಕಂದಿನಿಂದ ಗೊತ್ತಿತ್ತು. ಅದಕ್ಕೆ ತಕ್ಕ ವ್ಯಾಕರಣ ಮಾತ್ರ ಸಿಕ್ಕಿರಲಿಲ್ಲ. ‘ಬರ್ತೀನಿ’ ಎಂದು ನಾನೇ ಹೇಳಿಕೊಂಡರೆ ತೊಂದರೆಯಿಲ್ಲ, ಅದರಲ್ಲಿ ಗಂಡು ಹೆಣ್ಣಿನ ಗೊಡವೆಯಿಲ್ಲ. ಬಾಗಿಲು ದಾಟಿದ ಮರುಕ್ಷಣ ಮಾತ್ರ ಬೇರೆಯವರ ಬಾಯಲ್ಲಿ ‘ಬರ್ತಾನೆ’ ಆಗಿಬಿಡುತ್ತಿದ್ದೆ. ಮನೆಯ ಇನ್ನೊಂದು ಮಾತು ತೆಲುಗಿಗೆ ಓಡಿಹೋಗೋಣವೆಂದರೆ, ಅಲ್ಲಿ ಹೆಂಗಸು ಬಂದರೂ ‘ವಸ್ತುಂದಿ’, ಎಮ್ಮೆ ಬಂದರೂ ‘ವಸ್ತುಂದಿ’. ಎಮ್ಮೆ ಒಪ್ಪುತ್ತಿತ್ತೋ ಏನೋ, ನನಗೇ ಬಿಗುಮಾನ.

ಒಂದು ದಿನ ಚಿಂತಾಮಣಿಯಿಂದ ಬಸ್ಸಿನಲ್ಲಿ ನಿಂತು ಬರುವಾಗ ಹೊಳೆಯಿತು: ‘ಬರ್ತಾರೆ’! ಮೇಷ್ಟ್ರೂ ಬರ್ತಾರೆ, ಮೇಡಮ್ಮೂ ಬರ್ತಾರೆ. ಮಹಾ ಸಂಶೋಧನೆ ಮಾಡಿದವರಂತೆ ಮನೆಗೆ ಬಂದು, ಹುಳುಗಳಿಗೆ ಸೊಪ್ಪು ಹಾಕುತ್ತಿದ್ದ ಅಮ್ಮನ ಮುಂದೆ ನಿಂತೆ.

“ಅಮ್ಮ, ನಾನು ಗಂಡೂ ಅಲ್ಲ, ಹೆಣ್ಣೂ ಅಲ್ಲ. ಇನ್ಮೇಲೆ ನನ್ನ ‘ಅವನು’ ಅನ್ಬೇಡ, ‘ಅವರು’ ಅನ್ನು.”

ಅಮ್ಮನಿಗೆ ಕೊನೆಯ ಮಾತೊಂದೇ ಕೇಳಿಸಿತೇನೋ. “ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು! ಕೆಲ್ಸ ಇಲ್ಲ ಕಾರ್ಯ ಇಲ್ಲ, ಮರ್ಯಾದೆ ಬೇಕಂತೆ!”

ಅಂದಿನಿಂದ ಅಮ್ಮನ ಗೇಲಿ ಶುರುವಾಯಿತು. “ಸಾಹೇಬ್ರು ಎದ್ರಾ? ಸಾಹೇಬ್ರು ಮುದ್ದೆ ತಿಂತಾರಾ?” ಬೇಡಿದ ಬಹುವಚನ ಸಿಕ್ಕಿತ್ತು, ಸಿಕ್ಕ ರೀತಿಗೆ ಅಳು ಬರುತ್ತಿತ್ತು. ಅಳುವನ್ನು ನುಂಗಿಕೊಂಡು ಸಾಹೇಬರ ಗತ್ತಿನಲ್ಲೇ ಎರಡನೇ ಮುದ್ದೆ ಕೇಳುತ್ತಿದ್ದೆ.

ಆರು ತಿಂಗಳಾದ ಮೇಲೆ ಗೌರಿಬಿದನೂರಿನಿಂದ ದೊಡ್ಡಮ್ಮ ಬಂದರು, ನನಗೊಂದು ಹೆಣ್ಣು ಗೊತ್ತುಮಾಡಿಕೊಂಡು. ಧೈರ್ಯಕ್ಕೆ ಹೆಸರಾದ ನಾನು ಹುಳುಮನೆಗೆ ನುಗ್ಗಿ, ಗೋಡೆಗೆ ಒರಗಿಸಿದ್ದ ಚಂದ್ರಿಕೆಯ ಹಿಂದೆ ಅಡಗಿ ಕೂತೆ. ಹುಳುಗಳು ಆ ಬಿದಿರಿನ ತಟ್ಟಿಯ ಮೇಲೆ ಗೂಡು ಕಟ್ಟುತ್ತಿದ್ದವು.

“ಎಲ್ಲೇ ನಿನ್ಮಗ? ಬರ್ತಾನೋ ಇಲ್ವೋ?” ದೊಡ್ಡಮ್ಮನ ದನಿ ನಡುಮನೆಯಿಂದ ಕೇಳಿಸಿತು.

ಈಗ ಸಾಹೇಬರ ಮೆರವಣಿಗೆ ಹೊರಡುತ್ತದೆ ಎಂದು ಹಲ್ಲು ಕಚ್ಚಿದೆ. ಅಮ್ಮ ನಗಲಿಲ್ಲ.

“ಅವರು ಮದ್ವೆ ಆಗಲ್ಲ ಕಣಕ್ಕ. ಗಂಡೂ ಅಲ್ಲ, ಹೆಣ್ಣೂ ಅಲ್ಲ ಅಂತ ನಂಗೆ ಹೇಳವ್ರೆ.”

“ಅವರು ಅಂದ್ರೆ ಯಾರೇ?”

“ನನ್ನ ಹೊಟ್ಟೇಲಿ ಹುಟ್ಟಿದೋರು.”

ಚಂದ್ರಿಕೆಯ ಹಿಂದೆ ಸಾಹೇಬರು ಟವಲಿನಿಂದ ಬಾಯಿ ಮುಚ್ಚಿಕೊಂಡು ಅತ್ತರು.