ವಾರಿಜತ್ತೆಯ ಅಮೆರಿಕ

ತುಪ್ಪದಲ್ಲಿ ಒಳ್ಳೆಮೆಣಸು ಹುರಿಯುವ ಪರಿಮಳ ಬಂದರೆ ಈಗಲೂ ನನ್ನ ತಲೆ ತಾನಾಗಿ ತಗ್ಗುತ್ತದೆ. ಬಿಕರ್ನಕಟ್ಟೆಯ ಹತ್ತಿರ ನಮ್ಮದೊಂದು ಹಂಚಿನ ಮನೆಯಿತ್ತು; ಅಜ್ಜ ದೇವಸ್ಥಾನದ ಅರ್ಚಕರು. ತಿಥಿಯ ದಿನ ಆ ಅಡುಗೆಮನೆಯೊಳಗೆ ಕಾಯಿಮೆಣಸು, ಬಟಾಟೆ, ಟೊಮೆಟೊ ಯಾವುದಕ್ಕೂ ಪ್ರವೇಶವಿಲ್ಲ. ಖಾರಕ್ಕೆ ಒಳ್ಳೆಮೆಣಸಿನ ಕಪ್ಪು ಕಾಳು, ಪಲ್ಯಕ್ಕೆ ಬಾಳೆಕಾಯಿ. ಯಾಕೆಂದು ಕೇಳಿದರೆ ಅಜ್ಜಿ “ಹಿಂದಿನಿಂದ ಹಾಗೇ” ಎಂದು ಬಾಯಿ ಮುಚ್ಚಿಸುತ್ತಿದ್ದಳು. ಕಾರಣ ಹೇಳಿದ್ದು ಅಪ್ಪನ ತಂಗಿ ವಾರಿಜತ್ತೆ. “ನಮ್ಮ ಹಿರಿಯರು ಈ ಕ್ರಮ ಮಾಡುವಾಗ ಇದೆಲ್ಲ ಇಲ್ಲಿ ಇರಲೇ ಇಲ್ಲ ಮಾರಾಯ್ತಿ. ಅಮೆರಿಕದಿಂದ ಹಡಗಿನಲ್ಲಿ ಬಂದದ್ದು” ಎಂದು ಸಾರು ಕಲಕುತ್ತಾ ನಗುತ್ತಿದ್ದಳು. ನಿಮ್ಮ ಮನೆಯಲ್ಲೂ ಇಂಥ ಒಬ್ಬ ಅತ್ತೆ ಇದ್ದಿರಬೇಕು, ಎಲ್ಲದಕ್ಕೂ ಕಾರಣ ಗೊತ್ತಿದ್ದವಳು.

ಮದುವೆಯಾಗದ ವಾರಿಜತ್ತೆ ಕಂಕನಾಡಿ ಕಡೆಯ ಶಾಲೆಯೊಂದರಲ್ಲಿ ಸಮಾಜ ಪಾಠ ಮಾಡುತ್ತಿದ್ದಳು. ಏಳನೆಯ ತರಗತಿಯಲ್ಲಿ ನಾನೂ ಅವಳ ವಿದ್ಯಾರ್ಥಿನಿ. ಅಮೆರಿಕದ ಪಾಠ ಬಂದಾಗ ಅವಳು ರಂಗೋಲಿ ಹುಡಿಯಲ್ಲಿ ತರಗತಿಯ ನೆಲದ ಮೇಲೆ ಎರಡು ಖಂಡಗಳನ್ನು ಬರೆದು, ಮಕ್ಕಳ ಮನೆಗಳಿಂದ ಸಾಮಾನು ತರಿಸಿದಳು. ಯಾರೋ ಪೇರಳೆ ತಂದರು, ಯಾರೋ ಬಪ್ಪಂಗಾಯಿ, ಅದೇ ಪಪ್ಪಾಯಿ. ವಾಮಂಜೂರಿನವಳೊಬ್ಬಳು ಗುಡ್ಡೆಯ ಗೇರುಹಣ್ಣು ತಂದಳು. ಒಂದೊಂದನ್ನೂ ಅದು ಹುಟ್ಟಿದ ಜಾಗದಲ್ಲಿಟ್ಟು ಅತ್ತೆ ಕೇಳಿದಳು: “ಇದನ್ನೆಲ್ಲ ಬೆಳೆಸಿದ ಜನ ಅಲ್ಲಿ ಸಾವಿರಾರು ವರ್ಷದಿಂದ ಇದ್ದರು. ಮತ್ತೆ ದಾರಿ ತಪ್ಪಿ ಬಂದವ ಕಂಡುಹಿಡಿದದ್ದು ಎಂತ?” ಕೋಣೆಯಿಡೀ ಗೇರುಹಣ್ಣಿನ ವಾಸನೆ, ಮಕ್ಕಳಿಗೆ ಖುಷಿಯೋ ಖುಷಿ. ನನಗೆ ಮಾತ್ರ ನಾಚಿಕೆ. ಹಿಂದಿನ ಬೆಂಚಿನವರು ಅವಳಿಗೆ ‘ತರಕಾರಿ ಟೀಚರ್’ ಎಂದು ಹೆಸರಿಟ್ಟಿದ್ದರು, ನಾನು ಅದೇ ಮನೆಯ ಹುಡುಗಿ.

ಆಗಲೇ ಶಾಲಾ ಇನ್ಸ್‌ಪೆಕ್ಟರು ಒಳಗೆ ಬಂದರು. ಮೊದಲ ಬೆಂಚಿನ ನನ್ನನ್ನೇ ಎಬ್ಬಿಸಿ, ಅಮೆರಿಕವನ್ನು ಕಂಡುಹಿಡಿದದ್ದು ಯಾರೆಂದು ಕೇಳಿದರು. ಅತ್ತೆಯ ಮುಖ ಅರಳಿತು. ಮನೆಯ ಮಗು, ಸರಿಯಾಗಿ ಹೇಳುತ್ತದೆ ಎಂಬ ಧೈರ್ಯ ಅವಳಿಗೆ. ನಾನು “ಕೊಲಂಬಸ್ ಸರ್” ಎಂದೆ. ಅವರು ನೆಲ ನೋಡಿ, “ಇದೆಲ್ಲ ಪುಸ್ತಕದಲ್ಲಿ ಉಂಟಾ?” ಎಂದು ಮತ್ತೆ ನನ್ನನ್ನೇ ಕೇಳಿದರು. “ಇಲ್ಲ ಸರ್, ಟೀಚರ್ ಸುಮ್ಮನೆ ಹೇಳಿದ್ದು” ಎಂದೆ. ತರಗತಿ ಗೊಳ್ಳೆಂದು ನಕ್ಕಿತು. “ಪಾಠ ಮಾಡ್ಲಿಕ್ಕೆ ಬಂದದ್ದಾ ಸಂತೆ ಇಡ್ಲಿಕ್ಕಾ?” ಎಂದು ಅವರು ಎಲ್ಲರೆದುರೇ ಅವಳನ್ನು ಗದರಿದರು. ಅವರು ಹೋದ ಮೇಲೆ ಅತ್ತೆ ಹಿಡಿಸೂಡಿ ತಂದು ಎರಡೂ ಖಂಡಗಳನ್ನು ತಾನೇ ಗುಡಿಸಿದಳು. ಸಂಜೆ ಮನೆಯಲ್ಲಿ ನನ್ನ ಜಡೆ ಹಾಕುತ್ತಾ, “ನೀನು ಹೇಳಿದ್ದು ಸುಳ್ಳಲ್ಲವಲ್ಲ. ಪುಸ್ತಕದಲ್ಲಿ ಇಲ್ಲ” ಎಂದಳು, ಅಷ್ಟೇ. ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಆಮೇಲೆ ನಿವೃತ್ತಿಯಾಗುವವರೆಗೂ ಅವಳು ಪುಸ್ತಕ ಬಿಟ್ಟು ಒಂದು ಮಾತು ಆಡಲಿಲ್ಲವಂತೆ. ತಪ್ಪಾಯಿತು ಎನ್ನಲು ನನಗೆ ಮೂವತ್ತು ವರ್ಷ ಸಮಯವಿತ್ತು. ಬಾಯಿ ಬರಲಿಲ್ಲ.

ಹಂಚಿನ ಮನೆ ಈಗಿಲ್ಲ, ಅಲ್ಲಿ ಫ್ಲ್ಯಾಟುಗಳು ಎದ್ದಿವೆ. ಹೋದ ತಿಂಗಳು ಅಣ್ಣನ ಮನೆಯಲ್ಲಿ ವಾರಿಜತ್ತೆಯ ಮೊದಲ ವರ್ಷದ ತಿಥಿ. ಪೇರಳೆಗೆ ಉಪ್ಪು, ಮೆಣಸಿನ ಹುಡಿ ಹಚ್ಚಿ ಚಪ್ಪರಿಸುತ್ತಿದ್ದ ಅತ್ತೆಗೆಂದು ಇಟ್ಟ ಎಲೆಗೆ ಒಳ್ಳೆಮೆಣಸಿನ ಸಾರು ಬಡಿಸಿದರು. ಎಲೆಯ ಬದಿಯಲ್ಲಿ ಇಡೋಣವೆಂದು ಬ್ಯಾಗಿನಲ್ಲಿ ಒಂದು ಪೇರಳೆ ಒಯ್ದಿದ್ದೆ. ಭಟ್ಟರ ಎದುರು ಹೊರಗೆ ತೆಗೆಯುವ ಧೈರ್ಯವಾಗಲಿಲ್ಲ. ನಾನೂ ಈಗ ಟೀಚರು. ಮರುದಿನ ನನ್ನ ತರಗತಿಯಲ್ಲಿ ಅದೇ ಅಮೆರಿಕದ ಪಾಠ. ಹುಡುಗಿಯೊಬ್ಬಳು ಎದ್ದು, “ಟೀಚರ್, ಅಲ್ಲಿ ಮೊದಲೇ ಜನ ಇದ್ರಲ್ಲ? ಮತ್ತೆ ಕೊಲಂಬಸ್ ಕಂಡುಹಿಡಿದದ್ದು ಎಂತ?” ಎಂದಳು. ಜಗಲಿಯಲ್ಲಿ ಹೆಡ್‌ಮಾಸ್ಟರು ಹೋಗುತ್ತಿದ್ದರು. “ಪರೀಕ್ಷೆಗೆ ಪುಸ್ತಕದಲ್ಲಿ ಇದ್ದದ್ದು ಬರಿ” ಎಂದೆ. ಅವಳು ಕೂತಳು. ಮೇಜಿನ ಮೇಲಿದ್ದ ನನ್ನ ಬ್ಯಾಗಿನಿಂದ ಹಣ್ಣಾದ ಪೇರಳೆಯ ಪರಿಮಳ ಬರುತ್ತಿತ್ತು.