ಹಿಂದೆ ಬೀಳುವ ಶಿರಾಲಿಯ ಗಡಿಯಾರ

ಸಾವಿರದ ಒಂಬೈನೂರ ಅರವತ್ತರ ಸುಮಾರಿಗೆ ಶಿರಾಲಿಯ ದೇವಮ್ಮನವರ ಗೋಡೆ ಗಡಿಯಾರ, ನಾನು ಎಷ್ಟು ರಿಪೇರಿ ಮಾಡಿದರೂ ದಿನಾ ಹಿಂದೆ ಬೀಳುತ್ತಿತ್ತು. "ನಿಮ್ಮ ಕೈಲಿ ಆಗೂದಿಲ್ಲ ಅಂದ್ರೆ ಹೇಳಿ, ಹೊನ್ನಾವರದವ್ರಿಗೆ ಕೊಡ್ತೆ" ಎಂದಿದ್ದರು. ಮರ್ಯಾದೆ ಪ್ರಶ್ನೆ! ಕುಮಟೆಯ ನನ್ನ ಗಡಿಯಾರ ರಿಪೇರಿ ಅಂಗಡಿಗೆ ಬೀಗ ಹಾಕಿ, ಶರಾವತಿಯನ್ನು ದೋಣಿಯಲ್ಲಿ ದಾಟಿ ಮತ್ತೆ ಹೋದೆ. ಎಣ್ಣೆ ಬಿಟ್ಟೆ, ಲೋಲಕದ ಬಿಲ್ಲೆಯನ್ನು ಕೂದಲೆಳೆಯಷ್ಟು ಮೇಲೇರಿಸಿದೆ. ಚಾ ಕುಡಿದು ಏಳುವಾಗ ದೇವಮ್ಮನವರೂ ಕತ್ತಿ ಹಿಡಿದು ಗದ್ದೆಗೆ ಹೊರಟರು. ಹೋಗುವ ಮುಂಚೆ ಗಡಿಯಾರದ ಬಾಗಿಲು ತೆಗೆದು, ಆಡುತ್ತಿದ್ದ ಲೋಲಕವನ್ನು ಹಿಡಿದು ನಿಲ್ಲಿಸಿಯೇಬಿಟ್ಟರು.

"ಎಂತಕ್ಕೆ ಅಮ್ಮಾ?"

"ಮನೇಲಿ ಯಾರೂ ಇಲ್ಲ. ಪಾಪ, ಯಾರಿಗೆ ತೋರ್ಸೂಕೆ ಓಡಬೇಕು ಅದು? ಬಂದ್ಮೇಲೆ ತಳ್ತೆ."

ದಾರಿಯುದ್ದಕ್ಕೂ ನಗುತ್ತ ಬಂದೆ. ಸಂಜೆ ಅಂಗಡಿಯ ಬೀಗ ತೆಗೆದರೆ, ಗೋಡೆ ತುಂಬ ಗಡಿಯಾರಗಳು ನನ್ನ ಖಾಲಿ ಕುರ್ಚಿಗೆ ಗಂಟೆ ತೋರಿಸುತ್ತ ಓಡುತ್ತಿದ್ದವು. ಅದೂ ಒಂದೊಂದು ಒಂದೊಂದು ಗಂಟೆ.